ಬಳಗ ನೋಡಿದ ಜಪಾನಿ ಸಿನಿಮಾ

ಸಂಪಾದಕರು ನಮ್ಮ ಮಹಾಂತೇಶ ನಗರದ ಮನೆಗೆ ಬಂದ ಹೊತ್ತಿಗೆ ನಾನು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದೆ. ಬಿಸಿಲು ಚೊಲೋ ಬಿದ್ದಿತ್ತು, ಹಿಟ್ಟು ಹದಕ್ಕೆ ಬಂದಿತ್ತು, ಯಾರು ಕರೆದರೂ ಕೆಳಗಿಳಿಯುವ ಮನಸ್ಸಿರಲಿಲ್ಲ. ಅವರೇ ಮೆಟ್ಟಿಲು ಹತ್ತಿ ಬಂದು, ನೆರಳಿನಲ್ಲಿ ಒಂದು ಡಬ್ಬಿ ಬೋರಲು ಹಾಕಿಕೊಂಡು ಕುಳಿತರು. ಅವರ ವಾರಪತ್ರಿಕೆಗೆ ನಾನು ಅಡುಗೆ, ಹಬ್ಬ, ಮನೆಮದ್ದು ಅಂತ ಅರ್ಧ ಪುಟ ಬರೆಯುತ್ತಿದ್ದೆ. ಸಂಡಿಗೆಯ ಬಗ್ಗೆ ಕೇಳಲು ಬಂದಿರಬೇಕು ಅಂದುಕೊಂಡೆ.

"ಅಕ್ಕಾರ, ಒಂದು ಜಪಾನಿ ಸಿನಿಮಾ ನೋಡಿ ಬರೀಬೇಕಾಗೈತ್ರಿ," ಅಂದರು.

ನನಗೆ ಸಿನಿಮಾ ಅಂದರೆ ಭಾನುವಾರ ಟಿ.ವಿ.ಯಲ್ಲಿ ಬರುವುದು. ಅದನ್ನೂ ಅಡುಗೆಮನೆಯ ಬಾಗಿಲಿನಿಂದ, ಚಪಾತಿ ಲಟ್ಟಿಸುತ್ತ ನೋಡಿದವಳು. ಇವರು ಯಾರದೋ ಮನೆಗೆ ಹೋಗಬೇಕಾದವರು ದಾರಿ ತಪ್ಪಿ ಇಲ್ಲಿಗೆ ಬಂದಿದ್ದಾರೆ ಅಂತ ನಗು ಬಂತು. ಅವರು ನಗಲಿಲ್ಲ.

ಆದದ್ದು ಇಷ್ಟು. ನಮ್ಮ ಬೆಳಗಾವಿಯಲ್ಲಿ ಒಂದು ಚಿತ್ರ ಸಮಾಜವಿತ್ತು. ಹೊರದೇಶದ ಸಿನಿಮಾಗಳನ್ನು ತರಿಸಿ, ತಿಂಗಳಿಗೊಂದರಂತೆ ಒಂದು ಕಾಲೇಜಿನ ಸಭಾಗೃಹದಲ್ಲಿ ತೋರಿಸುವ ಮಂದಿ ಅವರು. ಅಲ್ಲಿ ಈ ಜಪಾನಿ ಸಿನಿಮಾ ತೋರಿಸಿದ್ದೇ ತಡ, ಊರಿನ ಪತ್ರಿಕೆಗಳೆಲ್ಲ ಮೈಮೇಲೆ ಬಂದವರಂತೆ ಬರೆದವು. ಒಬ್ಬರು ವಿಷ ಅಂದರು. ಒಂದು ಮರಾಠಿ ಪತ್ರಿಕೆ, ಪೊಲೀಸರು ಮಲಗಿದ್ದಾರೇನು ಅಂತ ಕೇಳಿತು. ಸಂಪಾದಕರ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವವರು ನಡುವೆಯೇ ಎದ್ದು ಹೊರಗೆ ಬಂದವರು, ನನ್ನಿಂದ ಆಗುವುದಿಲ್ಲ ಅಂತ ಪೆನ್ನು ಕೆಳಗಿಟ್ಟಿದ್ದರು. ಪಾಲಕರ ದೂರು ಹೋಗಿ ಕಾಲೇಜಿನ ಆಡಳಿತ ಸಮಿತಿ ಸಭಾಗೃಹಕ್ಕೆ ಬೀಗ ಹಾಕಿತ್ತು. ಪತ್ರಿಕೆಯವರಿಗೆ, ಪಾಲಕರಿಗೆ ಇನ್ನೊಂದು ಸಲ ತೋರಿಸಿರಿ, ಆಮೇಲೆ ಸಭೆ ಕೂಡಿ ತೀರ್ಮಾನ ಮಾಡುತ್ತೇವೆ ಅಂತ ಹೇಳಿದ್ದರು. ಬೇರೆ ಜಾಗ ಕೊಡುವವರು ಊರಲ್ಲಿ ಯಾರೂ ಇರಲಿಲ್ಲ. ಸಭಾಗೃಹ ಹೋದರೆ ಚಿತ್ರ ಸಮಾಜವೂ ಹೋದಂತೆ.

"ಗಂಡಸರು ಬೈಯೋದು ಬ್ಯಾರೆ, ಒಬ್ಬ ತಾಯಿ ಬೈಯೋದು ಬ್ಯಾರೆ," ಅಂದರು ಸಂಪಾದಕರು. "ಸಮಿತಿ ಅಧ್ಯಕ್ಷರ ಮನ್ಯಾಗ ನಿಮ್ಮ ಅಂಕಣ ಓದ್ತಾರ್ರಿ. ನೀವು ಬರದ್ರ ಅದ ಕಡೀ ಮಾತು."

ಆ ವರ್ಷ ನನ್ನ ಮಗಳು ಹತ್ತನೇ ಇಯತ್ತೆಯಲ್ಲಿದ್ದಳು. ಅವಳ ವಯಸ್ಸಿನ ಮಕ್ಕಳನ್ನೇ ಕೊಲ್ಲುವ ಸಿನಿಮಾ ಅಂತ ಕೇಳಿದ ಮೇಲೆ ಬೈಯಲು ನನಗೆ ಹೆಚ್ಚಿನ ತಯಾರಿ ಬೇಕಿರಲಿಲ್ಲ. ಹೂಂ ಅಂದೆ. ಹಿಟ್ಟು ಕೈಯಲ್ಲೇ ಆರಿಹೋಗಿತ್ತು. ಆದರೂ ಆ ಸಲದ ಸಂಡಿಗೆ ಒಂದೂ ಒಡೆಯಲಿಲ್ಲ, ಅದೊಂದು ದೇವರ ದಯೆ.

ಭಾನುವಾರ ಮಧ್ಯಾಹ್ನ, ಆ ಒಂದು ಸಲಕ್ಕೆ ಅಂತ ಬೀಗ ತೆಗೆದಿದ್ದ ಸಭಾಗೃಹಕ್ಕೆ ನಮ್ಮ ಮನೆಯವರ ಜೊತೆ ಹೋದೆ. ಅವರು ಆಟೋ ನಗರದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು. ವಾರಕ್ಕೊಂದೇ ರಜೆ, ಅದನ್ನು ನನಗಾಗಿ ಕಳೆದರು. ಸಿನಿಮಾ ಎರಡು ಸೀಡಿಗಳಲ್ಲಿತ್ತು, ಗೋಡೆಯ ಮೇಲಿನ ಬಿಳಿ ಪರದೆಗೆ ಪ್ರೊಜೆಕ್ಟರಿನಿಂದ ಬಿಡುತ್ತಿದ್ದರು. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಪಿಯುಸಿ ತನಕ ಓದಿದವಳು. ನಿಂತ ಇಂಗ್ಲಿಷ್ ಓದಬಲ್ಲೆ, ಓಡುವ ಇಂಗ್ಲಿಷ್ ನನ್ನ ಕೈಗೆ ಸಿಗುವುದಿಲ್ಲ. ಕಥೆ ಮಾತ್ರ ತಿಳಿಯಿತು. ದೇಶದ ದೊಡ್ಡವರು ಒಂದು ಕಾಯಿದೆ ಮಾಡಿದ್ದಾರೆ. ಅದರ ಪ್ರಕಾರ ಒಂದು ತರಗತಿಯ ಮಕ್ಕಳನ್ನು ನಡುಗಡ್ಡೆಗೆ ಒಯ್ದು, ಕೈಗೆ ಆಯುಧ ಕೊಟ್ಟು, ಒಬ್ಬರು ಉಳಿಯುವ ತನಕ ಬಡಿದಾಡಿರಿ ಅನ್ನುತ್ತಾರೆ. ಹೇಳುವವನು ಅವರದೇ ಮಾಸ್ತರ.

ಮೊದಲ ರಕ್ತ ಬಿದ್ದಾಗಲೇ ನಾನು ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗ ಹಿಡಿದುಕೊಂಡೆ. ಕಿರುಚಾಟ ನಿಂತಾಗ ಬೆರಳ ಸಂದಿನಿಂದ ನೋಡುತ್ತಿದ್ದೆ. ಎರಡು ಜಡೆಯ ಒಬ್ಬ ಹುಡುಗಿ ಸತ್ತವರ ಮೇಲೆ ಬಗ್ಗಿ ಅವರ ಎದೆಯ ಜೇಬಿಗೆ ಕೈ ಹಾಕುವುದು ಕಂಡಿತು. ಮತ್ತೆ ಮುಚ್ಚಿದೆ. ಮೊದಲ ಸೀಡಿ ಮುಗಿದಾಗ ಚಹಾಕ್ಕೆ ಅಂತ ಎದ್ದ ನಮ್ಮ ಮನೆಯವರು, ಬಾಗಿಲಲ್ಲಿ ಯಾವನೋ ಪರಿಚಯದ ಮೆಕ್ಯಾನಿಕ್ ಸಿಕ್ಕು, ಲಾರಿಯ ಗೇರುಪೆಟ್ಟಿಗೆಯ ಮಾತಿಗೆ ನಿಂತವರು ಕಡೆಗೇ ಬಂದರು. ಭುಜ ಮುಟ್ಟಿ, "ಮುಗೀತು, ಕಣ್ಣ ತಗೀ," ಅಂದರು.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಬರೆಯಲು ಕುಳಿತೆ. ನನಗೇ ಆಶ್ಚರ್ಯವಾಗುವಂತೆ ಬರೆಸಿಕೊಂಡು ಹೋಯಿತು. ಗೆಳತಿಯರ ಹೆಣದ ಜೇಬಿಗೂ ಕೈ ಹಾಕುವ ಹುಡುಗಿಯನ್ನು ತೋರಿಸಿ ನಮ್ಮ ಮಕ್ಕಳಿಗೆ ಕಲಿಸುವುದೇನು ಅಂತ ಕೇಳಿದ್ದೆ. ಆ ಸಾಲು ನನಗೆ ಬಹಳ ಹಿಡಿಸಿತ್ತು. ಮಧ್ಯಾಹ್ನ ಸಂಪಾದಕರಿಗೆ ಕೊಟ್ಟೆ. ಅವರು ನಿಂತಲ್ಲೇ ಓದಿ, ಭೇಷ್ ಅಂದು, ಶುಕ್ರವಾರದ ಸಂಚಿಕೆಗೆ ಮುಖಪುಟದಲ್ಲೇ ಜಾಗ ಅಂದರು. ಅಂದು ನಾನು ನೆಲದ ಮೇಲೆ ನಡೆಯಲಿಲ್ಲ.

ಸೋಮವಾರ ಸಂಜೆ ನಮ್ಮ ಓಣಿಯ ಅಕ್ಕನ ಬಳಗ ಕೂಡುತ್ತದೆ. ಬಳಗದ್ದು ಒಂದು ಪದ್ಧತಿ. ಒಂದು ವಚನ ಓದಿ, ಒಬ್ಬೊಬ್ಬರಾಗಿ ಅದರ ಬಗ್ಗೆ ಮಾತಾಡಬೇಕು. ಮಾತಾಡುವವಳು ಮೊದಲು ಹಣೆಗೆ ವಿಭೂತಿ ಹಚ್ಚಿಕೊಳ್ಳಬೇಕು, ಮತ್ತು ತಾನು ಬಾಳಿನಲ್ಲಿ ಕಂಡದ್ದನ್ನಷ್ಟೇ ಹೇಳಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಯಾರು ಏನು ಬೇಕಾದರೂ ಕೇಳಬಹುದು; ಉತ್ತರ ಗೊತ್ತಿಲ್ಲದಿದ್ದರೆ ಸುತ್ತಿ ಬಳಸಿ ಮಾತಾಡದೆ "ಕಂಡಿಲ್ಲ" ಅಂತ ಹೇಳಿ ಕುಳಿತುಬಿಡಬೇಕು. ಅದರಲ್ಲಿ ಅವಮಾನವಿಲ್ಲ. ಕಂಡಿಲ್ಲ ಅಂದವಳಿಗೆ ಪ್ರಸಾದ ಮೊದಲು ಕೊಡುವುದು ಬಳಗ ನಡೆಸುವ ಹಿರಿಯಕ್ಕ ಮಾಡಿದ ರೂಢಿ.

ನಾನು ವಿಭೂತಿ ಹಚ್ಚಿಕೊಂಡು, ಬರೆದದ್ದರ ನಕಲನ್ನು ಓದಿದೆ. ಎಲ್ಲರೂ ತಲೆದೂಗಿದರು. ಆವತ್ತು ಖಾನಾಪುರದಾಚೆಯ ಬೀಡಿ ಅನ್ನುವ ಊರಿನಿಂದ ನಮ್ಮ ಸಣ್ಣತ್ತೆ, ಅಂದರೆ ನಮ್ಮತ್ತೆಯ ತಂಗಿ, ಬಂದಿದ್ದರು. ಕಿವಿ ಸ್ವಲ್ಪ ಮಂದ, ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿ ರೂಢಿಯಾದ ಗಂಟಲು. ಅವರು ಕೇಳಿದರು:

"ಜೇಬಿನ್ಯಾಗ ಏನ್ ಸಿಕ್ತವಾ ಆ ಹುಡಿಗಿಗೆ?"

ನಾನು ನಕಲಿನ ಹಾಳೆ ತಿರುಗಿಸಿ ನೋಡಿದೆ. ಅದರಲ್ಲಿ ಅದು ಇರಲಿಲ್ಲ.

"ಕಂಡಿಲ್ಲ ಅತ್ತಿ."

"ಮತ್ತ ಕಡೀಗೆ ಉಳದಾಕಿ ಯಾರು? ಆಕಿನ ಏನು?"

"ಹೂಂ, ಆಕಿನ ಅಂತ ಕಾಣಸ್ತದ."

"ಉಳದ ಮ್ಯಾಲೆ ಮನಿಗೆ ಹೋಗಿ ಏನ್ ಮಾಡಿದಳು?"

"ಕಂಡಿಲ್ಲ."

"ಆ ಮಾಸ್ತರಗ ಯಾರರೆ ಹೊಡದ್ರೋ ಇಲ್ಲೋ?"

"ಅದನ್ನೂ ಕಂಡಿಲ್ಲತ್ತಿ."

ಬಾಜು ಕುಳಿತವರು ಮೊದಲು ನಗೆ ತಡೆದುಕೊಂಡರು, ಆಮೇಲೆ ತಡೆಯಲಿಲ್ಲ. ಹಿರಿಯಕ್ಕ ಮಾತ್ರ ನಗಲಿಲ್ಲ. ಹತ್ತಿರ ಬಂದು ಸಕ್ಕರೆ-ಕೊಬ್ಬರಿ ಕೈಗೆ ಹಾಕುತ್ತ ಮೆಲ್ಲಗೆ ಕೇಳಿದರು: "ತಂಗಿ, ಪೇಪರಿನ್ಯಾಗ ಎಲ್ಲೆರೆ ಒಂದು ಕಡೆ ಕಂಡಿಲ್ಲ ಅಂತ ಬರದೀಯೇನು?"

ಪ್ರಸಾದ ಬಾಯಲ್ಲಿ ಕರಗಲಿಲ್ಲ. ಅಲ್ಲಿಂದ ಎದ್ದಾಗಲೇ ನಾನು ನಿರ್ಧಾರ ಮಾಡಿಯಾಗಿತ್ತು.

ಮರುದಿನ ಪತ್ರಿಕೆಯ ಕಚೇರಿಗೆ ಹೋಗಿ, ಬರೆದದ್ದನ್ನು ವಾಪಸ್ ಕೊಡಿರಿ ಅಂದೆ. ಸಂಪಾದಕರ ಮುಖ ಸಣ್ಣದಾಯಿತು. ಪುಟ ಕಟ್ಟಿಯಾಗಿತ್ತು, ಕಂಪ್ಯೂಟರಿನ ಮೇಲೆ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಕೂತಿತ್ತು. ಎಲ್ಲರೂ ಅದನ್ನೇ ಬರೆದಿದ್ದಾರೆ, ನಿಮಗೇಕೆ ಇಷ್ಟು ಮಡಿ ಅಂತ ಕೇಳಿದರು. ಎಲ್ಲರೂ ನನ್ನಂತೆಯೇ ಕಣ್ಣು ಮುಚ್ಚಿ ನೋಡಿರಬೇಕು ಅಂದೆ. ಅವರು ಪೇಪರುವೇಟು ತಿರುಗಿಸಿ ಬದಿಗಿಟ್ಟು, ಕಡೆಗೆ ಒಂದು ವಾರ ಕೊಟ್ಟರು. ಸಮಿತಿ ಕೂಡುವುದು ಅದರಾಚೆಯ ಸೋಮವಾರ. ಪೂರ್ತಿ ನೋಡಿದ ಮೇಲೂ ನಿಮಗೆ ಇದೇ ಅನ್ನಿಸಿದರೆ ಇದನ್ನೇ ಹಾಕುತ್ತೇನೆ, ಬೇರೆ ಅನ್ನಿಸಿದರೆ ಅದನ್ನೂ ಹಾಕುತ್ತೇನೆ, ಆದರೆ ಹೆದರಿ ಬರೆದದ್ದು ನನಗೆ ಬೇಡ ಅಂದರು. ಒಳ್ಳೆಯ ಮನುಷ್ಯ. ಆ ಶುಕ್ರವಾರ ನನ್ನ ಜಾಗದಲ್ಲಿ ಸಂಡಿಗೆಯ ಲೇಖನ ಬಂತು.

ಚಿತ್ರ ಸಮಾಜದ ಕಾರ್ಯದರ್ಶಿ ಅದೇ ಕಾಲೇಜಿನ ಪ್ರಾಧ್ಯಾಪಕರು, ಖಾನಾಪುರದಿಂದ ದಿನಾ ರೈಲಿನಲ್ಲಿ ಓಡಾಡುವವರು. ಮನೆಮಾತು ಮರಾಠಿ. ಭಾನುವಾರದ ಸಿನಿಮಾ ಮುಗಿದು ಸಭಾಗೃಹಕ್ಕೆ ಮತ್ತೆ ಬೀಗ ಬಿದ್ದ ಮೇಲೆ ಸೀಡಿಗಳನ್ನು ಮನೆಗೆ ಒಯ್ದಿದ್ದರು. ಸಣ್ಣತ್ತೆ ಬೀಡಿಗೆ ಹೊರಟಿದ್ದರು. ಅವರ ಜೊತೆ ಖಾನಾಪುರದಲ್ಲಿ ಇಳಿದು ಕಾರ್ಯದರ್ಶಿಯ ಮನೆ ಹುಡುಕಿದೆ. ಬಾಗಿಲು ತೆರೆದ ಕಾರ್ಯದರ್ಶಿ ನನ್ನ ಹೆಸರು, ಪತ್ರಿಕೆಯ ಹೆಸರು ಕೇಳಿ ಬಾಗಿಲಿಗೇ ನಿಂತರು.

"ವೈನಿ, ಬೈಯಾಕ ಇನ್ನೇನರೆ ಉಳದೈತೇನು?"

"ಬೈಯಾಕ ಅಲ್ರಿ, ನೋಡಾಕ ಬಂದೇನಿ."

ಅವರು ಬಾಗಿಲಿನ ಚಿಲಕ ಬಿಡಲಿಲ್ಲ. ಅಷ್ಟು ವರ್ಷ ಕಷ್ಟಪಟ್ಟು ಕಟ್ಟಿದ್ದು ಕೈ ತಪ್ಪಿ ಹೋಗುತ್ತಿರುವ ಮನುಷ್ಯನ ಮುಖ ಅದು. ಒಳಗಿನಿಂದ ಅವರ ಹೆಂಡತಿ, ಬಿಸಿಲಿನಲ್ಲಿ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುತ್ತಾರೇನು ಅಂತ ಮರಾಠಿಯಲ್ಲಿ ಗದರಿದರು. ಅವರಿಂದಾಗಿ ನಮಗೆ ಒಳಗೆ ಪ್ರವೇಶ ಸಿಕ್ಕಿತು. ಬೀಡಿಗೆ ಹೋಗಬೇಕಾದ ಸಣ್ಣತ್ತೆ, ತಾವೂ ನೋಡಿಯೇ ಹೋಗುವುದು ಅಂತ ಕುಳಿತುಬಿಟ್ಟರು.

ಕೆಲಸ ಅಂದರೆ ಏನು ಅಂತ ಆಗ ತಿಳಿಯಿತು. ಮೊದಲ ಸಲ ಹಾಕಿದಾಗ ಮತ್ತೆ ಕಣ್ಣು ಮುಚ್ಚಿತು. ಎರಡನೇ ಸಲವೂ ಅದೇ. ಮೂರನೇ ಸಲಕ್ಕೆ ನನಗೊಂದು ಹೊಳೆಯಿತು: ಕಣ್ಣು ಮುಚ್ಚಿಸುತ್ತಿರುವುದು ರಕ್ತವಲ್ಲ, ಸದ್ದು. ಕಿರುಚಾಟ ಬರುವ ಮೊದಲೇ ಸಂಗೀತ ಏರುತ್ತದೆ, ಅದಕ್ಕೆ ರೆಪ್ಪೆ ಮುಚ್ಚುತ್ತದೆ. ಸದ್ದು ಪೂರ್ತಿ ತೆಗೆಯಿರಿ ಅಂದೆ. ಕಾರ್ಯದರ್ಶಿಗೆ ವಿಚಿತ್ರ ಅನ್ನಿಸಿತು, ಆದರೆ ರಿಮೋಟ್ ಒತ್ತಿದರು. ಮೂಕ ಸಿನಿಮಾವನ್ನು ನಾನು ಕಣ್ಣು ಬಿಟ್ಟು, ಲಿಂಗ ಹಿಡಿದುಕೊಂಡು, ಮೊದಲಿನಿಂದ ಕಡೆತನಕ ನೋಡಿದೆ. ಆಮೇಲೆ ಸದ್ದು ಹಾಕಿ ನೋಡಿದೆ. ಏನು ಬರುತ್ತದೆ ಅಂತ ಗೊತ್ತಿದ್ದವಳಿಗೆ ಸದ್ದು ಅಷ್ಟು ಹೆದರಿಸಲಿಲ್ಲ.

ಎರಡು ಜಡೆಯ ಹುಡುಗಿ ಸತ್ತ ಗೆಳತಿಯ ಮೇಲೆ ಬಗ್ಗುವ ಜಾಗದಲ್ಲಿ ಸೀಡಿ ಹಾರುತ್ತಿತ್ತು. ಚಿತ್ರ ನಿಂತು ಚೌಕಚೌಕವಾಗಿ ಒಡೆದು, ಮುಂದಿನ ದೃಶ್ಯಕ್ಕೆ ಜಿಗಿಯುತ್ತಿತ್ತು. ಬೇರೆ ಪ್ರತಿ ಇರಲಿಲ್ಲ. ಕಾರ್ಯದರ್ಶಿಯ ಹೆಂಡತಿ ಹಳೆಯ ನೂಲಿನ ಸೀರೆಯ ಸವೆದ ಸೆರಗೊಂದನ್ನು ತಂದರು. ನಾನು ಸೀಡಿಯನ್ನು ನಡುವಿನಿಂದ ಅಂಚಿಗೆ, ಸುತ್ತಿಸದೆ ನೇರವಾಗಿ ಒರೆಸಿದೆ. ಹಾಗೆ ಒರೆಸಬೇಕು ಅಂತ ಹಿಂದೊಮ್ಮೆ ಹೇಳಿಕೊಟ್ಟವರು ನಮ್ಮ ಮನೆಯವರು. ಮತ್ತೆ ಹಾಕಿದಾಗ ಹಾರಲಿಲ್ಲ. ಅದೂ ಒಂದು ದಯೆ.

ಅವಳ ಕೈ ಜೇಬಿಗೆ ಹೋಗಿರಲೇ ಇಲ್ಲ. ಅಂಗಿಯ ಮೇಲೆ ಚುಚ್ಚಿದ್ದ ಹೆಸರಿನ ಬಿಲ್ಲೆಯನ್ನು ಬಿಡಿಸಿಕೊಳ್ಳುತ್ತಿದ್ದಳು. ಒಬ್ಬೊಬ್ಬರು ಸತ್ತಂತೆ, ಅವರು ತನ್ನ ಮೇಲೆ ಕೈ ಎತ್ತಿದವರೇ ಆದರೂ, ಹೋಗಿ ಬಿಲ್ಲೆ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದಳು.

ಸಣ್ಣತ್ತೆ ನನ್ನ ಕಡೆ ನೋಡಿದರು. ನಾನು ಚೀಲದಲ್ಲಿದ್ದ ನಕಲು ತೆಗೆದು ಜೇಬಿನ ಸಾಲನ್ನು ಹೊಡೆದು ಹಾಕಿದೆ.

ಸಿನಿಮಾ ಮುಗಿದ ಮೇಲೆ ನನಗೆ ಅನ್ನಿಸಿದ್ದನ್ನು ಆಗಲೇ ಬರೆದುಬಿಡಬಹುದಿತ್ತು. ಕಾರ್ಯದರ್ಶಿಯೂ ಅದನ್ನೇ ಕೇಳಿದರು, ಇನ್ನು ನಮ್ಮ ಪರವಾಗಿ ನಾಲ್ಕು ಸಾಲು ಬರೆಯುತ್ತೀರಲ್ಲ ಅಂತ. ಸಣ್ಣತ್ತೆ ನಡುವೆ ಬಂದರು.

"ಆಕಿ ಕಂಡಳು, ನಾ ಕಂಡೆ. ಬಳಗ ಎಲ್ಲಿ ಕಂಡೈತಿ? ತಾಯಿಗೋಳ ಹೆಸರಿನ್ಯಾಗ ಬರೀಬೇಕಂದ್ರ ತಾಯಿಗೋಳ್ಗೆ ತೋರಸ್ರಿ ಮೊದಲ."

ನಗೆಯಾಡುತ್ತಿದ್ದಾರೆ ಅಂದುಕೊಂಡೆ. ಅವರು ಆಗಲೇ ಜಾಗ ಯೋಚಿಸಿಟ್ಟಿದ್ದರು. ಬೆಳಗಾವಿಯಲ್ಲಿ ಬಾಗಿಲು ಮುಚ್ಚಿದ್ದರೇನಾಯಿತು, ಖಾನಾಪುರದಲ್ಲಿ ಅವರ ಬೀಗರ ಗುರುತಿನವರದೊಂದು ಮಂಗಲ ಕಾರ್ಯಾಲಯವಿತ್ತು. ಭಾನುವಾರ ಮದುವೆ ಇರಲಿಲ್ಲ.

ಮಿಕ್ಕಿದ ದಿನಗಳೆಲ್ಲ ಮಾತಿನ ಕೆಲಸಕ್ಕೆ ಹೋದವು. ನಮ್ಮ ಬಳಗದವರಿಗೆ ಇಂಗ್ಲಿಷ್ ಬಾರದು, ಜಪಾನಿ ಯಾರಿಗೂ ಬಾರದು. ಕಾರ್ಯದರ್ಶಿ ಚಿತ್ರ ನಿಲ್ಲಿಸಿ ನಿಲ್ಲಿಸಿ ಕೆಳಗಿನ ಇಂಗ್ಲಿಷನ್ನು ಮರಾಠಿಯಲ್ಲಿ ಹೇಳುವುದು, ನಾನು ಅದನ್ನು ನಮ್ಮ ಮಾತಿನಲ್ಲಿ ಬರೆದುಕೊಳ್ಳುವುದು. ಅವರ ಮರಾಠಿಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಬಹುವಚನ ಹಚ್ಚುತ್ತಿದ್ದರು. ಹತ್ತನೇ ಇಯತ್ತೆಯ ಹುಡುಗರು ಹಾಗೆ ಮಾತಾಡುವುದಿಲ್ಲ ಅಂತ ನಾನು "ಏನಲೇ" ಅಂತ ಬರೆದೆ. ಜಪಾನಿ ಹುಡುಗನ ಬಾಯಲ್ಲಿ ಏನಲೇ ಕೇಳಿ ಅವರ ಹೆಂಡತಿ ನಕ್ಕು ನಕ್ಕು ಚಹಾ ಚೆಲ್ಲಿದರು.

ಮೈಕಿನಲ್ಲಿ ಓದಿ ನೋಡಿದರೆ ನಡೆಯಲಿಲ್ಲ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಮೂರು ಮಾತು ಮುಗಿದಿರುತ್ತಿತ್ತು. ಸತ್ತವನ ಮಾತನ್ನು ಅವನು ಸತ್ತ ಮೇಲೆ ಓದುತ್ತಿದ್ದೆ. ಬರೆದದ್ದರಲ್ಲಿ ಅರ್ಧಕ್ಕರ್ಧ ಹೊಡೆದು ಹಾಕಿದೆ. ಯಾರು ಯಾರಿಗೆ ಏನು ಹೇಳಿದರು ಅನ್ನುವಷ್ಟೇ ಸಾಕು. ಹೊಡೆದಾಟದಲ್ಲಿ ನಾನು ಪೂರ್ತಿ ಸುಮ್ಮನಿರಬೇಕು. ಜಪಾನಿ ಹೆಸರುಗಳು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ ಅಂತ ಗುರುತು ಇಟ್ಟೆ: ಎರಡು ಜಡೆಯಾಕಿ, ಚಷ್ಮಾದಾಂವ, ಉಬ್ಬುಹಲ್ಲಿನಾಕಿ, ಕುಂಟುಗಾಲಿನಾಂವ.

ಭಾನುವಾರ ಮಧ್ಯಾಹ್ನ ಬಳಗದವರು ಒಂದು ಟೆಂಪೊ ಮಾಡಿಕೊಂಡು ಬಂದರು. ಖಾನಾಪುರದ ಹೆಣ್ಣುಮಕ್ಕಳು, ಕಾರ್ಯದರ್ಶಿಯ ಹೆಂಡತಿ ಕರೆತಂದ ಮರಾಠಿ ಬಾಯಿಯರು, ಸಣ್ಣತ್ತೆಯ ಜೊತೆ ಬೀಡಿ ಕಡೆಯವರು. ಮಕ್ಕಳನ್ನು ಒಳಗೆ ಬಿಡುವುದಿಲ್ಲ ಅಂತ ಮೊದಲೇ ಹೇಳಿದ್ದೆವು. ಕಾರ್ಯಾಲಯಕ್ಕೆ ದೊಡ್ಡ ದೊಡ್ಡ ಕಿಡಕಿಗಳು; ಬಿಸಿಲು ಒಳಗೆ ನುಗ್ಗಿ ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಬೀಡಿಯಿಂದ ಬಂದ ಕುರಿ ಸಾಕುವ ಮನೆತನದ ಒಬ್ಬಾಕೆ ಸಣ್ಣತ್ತೆಯ ಮಾತಿನ ಮೇಲೆ ಕರಿ ಕಂಬಳಿಗಳ ಒಂದು ಗಂಟು ತಂದಿದ್ದಳು. ಕಿಡಕಿಗೊಂದು ಕಂಬಳಿ ಕಟ್ಟಿದೆವು. ಕುರಿಯ ವಾಸನೆ ತುಂಬಿದ ಚೊಲೋ ಕತ್ತಲಾಯಿತು.

ಸಂಪಾದಕರು ಸ್ಕೂಟರಿನಲ್ಲಿ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಇದು ಕೆಟ್ಟರೆ ನನ್ನ ಹಳೆಯ ಲೇಖನ ಅವರ ಮೇಜಿನ ಮೇಲೆ ಇದ್ದೇ ಇತ್ತು.

ಶುರುವಾಯಿತು. ಮೊದಲ ರಕ್ತಕ್ಕೆ ಯವ್ವಾ ಅನ್ನುವ ದನಿ ಎಲ್ಲ ಕಡೆಯಿಂದ ಎದ್ದಿತು. ಮೈಕಿನಲ್ಲಿ, ಕಣ್ಣು ಮುಚ್ಚಬೇಕೆನಿಸಿದವರು ಮುಚ್ಚಿಕೊಳ್ಳಿರಿ, ಆದರೆ ತೆರೆದ ಮೇಲೆ ಬಾಜುದವರನ್ನು ಏನಾಯಿತು ಅಂತ ಕೇಳಿಕೊಳ್ಳಿರಿ ಅಂದೆ. ಆಮೇಲೆ ಸಭೆ ತಾನೇ ಒಂದು ದಾರಿ ಕಂಡುಕೊಂಡಿತು: ಸಾಲಿಗೊಬ್ಬರು ಗಟ್ಟಿಗಿತ್ತಿಯರು ನೋಡಿ ಉಳಿದವರಿಗೆ ಹೇಳುವುದು. ಮರಾಠಿಯವರಿಗೆ ಕನ್ನಡದವರು, ಕಿವುಡರಿಗೆ ಕಿವಿ ಇದ್ದವರು. ಗದ್ದಲವೇ ಗದ್ದಲ, ಆದರೂ ಯಾರೂ ಎದ್ದು ಹೋಗಲಿಲ್ಲ. ಸೀಡಿ ಬದಲಿಸುವಾಗ ಚುರುಮುರಿ, ಚಹಾ ಆಯಿತು.

ಕಡೆಯ ದೃಶ್ಯಕ್ಕೆ ಸ್ವಲ್ಪ ಮೊದಲು ಕರೆಂಟು ಹೋಯಿತು. ಎರಡು ಜಡೆಯಾಕೆ ಒಬ್ಬಳೇ ಉಳಿದು, ದೋಣಿಯಿಂದಿಳಿದು, ಊರ ಕಡೆ ನಡೆಯುತ್ತಿದ್ದಳು, ಅಲ್ಲಿಗೆ ಪರದೆ ಕಪ್ಪಾಯಿತು. ಕಾರ್ಯದರ್ಶಿ ತಲೆಯ ಮೇಲೆ ಕೈ ಇಟ್ಟರು. ಸಂಪಾದಕರು ಕೈಗಡಿಯಾರ ನೋಡಿಕೊಂಡರು. ಟೆಂಪೊದವನು ಬಾಗಿಲಿಗೆ ಬಂದು, ಹೊರಡೂಣೇನ್ರಿ ಅಂದ. ಕರೆಂಟು ಯಾವಾಗ ಬರುತ್ತದೋ ಯಾರಿಗೆ ಗೊತ್ತು.

ಹಿರಿಯಕ್ಕ ಎದ್ದು ಒಂದು ಕಿಡಕಿಯ ಕಂಬಳಿ ಕೆಳಗಿಳಿಸಿದರು. ಬೆಳಕು ಬಂತು. ಚೀಲದಿಂದ ವಿಭೂತಿ ತೆಗೆದು ಮುಂದಿನವಳ ಕೈಗೆ ಕೊಟ್ಟು, "ಬರೂ ತನಕ ಬಳಗ ನಡಸೂಣು," ಅಂದರು.

ಹಾಗೆ ಶುರುವಾದದ್ದು. ವಿಭೂತಿ ಕೈಯಿಂದ ಕೈಗೆ ಹೋಯಿತು. ನಮ್ಮವರಲ್ಲದವರು ಹಣೆಯ ಕುಂಕುಮವನ್ನೇ ಮುಟ್ಟಿಕೊಂಡು ಮಾತಾಡಿದರು. ನಮ್ಮ ಓಣಿಯ ಒಬ್ಬಾಕೆ, ತನ್ನ ಮಗನಿಗೆ ಇದನ್ನು ಎಂದಿಗೂ ತೋರಿಸುವುದಿಲ್ಲ, ಇಷ್ಟು ರಕ್ತ ಬೇಕಿರಲಿಲ್ಲ ಅಂದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಅದು ಆಕೆ ಕಂಡದ್ದು. ಒಬ್ಬ ಮರಾಠಿ ಬಾಯಿ, ಪರೀಕ್ಷೆಗೆ ಮೊದಲು ತನ್ನ ಮಗಳು ಗೆಳತಿಗೆ ಪುಸ್ತಕ ಕೊಟ್ಟಾಗ, ಆಕಿ ನಿನಗಿಂತ ಮುಂದೆ ಹೋದರೆ ಏನು ಮಾಡುತ್ತೀ ಅಂತ ತಾನೇ ಕಸಿದುಕೊಂಡದ್ದನ್ನು ಹೇಳಿದರು. ನನಗೆ ಮನೆಯಲ್ಲಿ ಪುಸ್ತಕದ ಮುಂದೆ ಕುಳಿತ ನನ್ನ ಮಗಳು ಕಣ್ಣೆದುರು ಬಂದಳು.

ಆಮೇಲೆ ಕಂಬಳಿ ತಂದಾಕೆಯ ಸರದಿ. ಆಕೆ ಮೊದಲು ಒಲ್ಲೆ ಅಂದಳು.

"ನನಗೇನ್ ತಿಳೀತೈತ್ರಿ ಸಿನಿಮಾ. ಒಂದ್ ವರ್ಸ ತ್ವಾಳ ಬಂತಂತ ನಮ್ಮಪ್ಪ ಕುರಿ ಎಲ್ಲಾ ಒಂದ ಸಣ್ಣ ಹಟ್ಯಾಗ ಹೆಟ್ಟಿದ್ದ. ಹರ್ಯಾಗೆದ್ದ ನೋಡಿದ್ರ ಮರಿ ತುಳಿತಕ್ಕ ಸಿಕ್ಕ ಸತ್ತಿದ್ದೂವು. ಅಪ್ಪ ಟಗರಿಗೆ ಬಡದ. ನಮ್ಮವ್ವ ಅಂವನ ಕೈಯಾನ ಬಡಗಿ ಕಸಗೊಂಡು, ಹಟ್ಟಿ ಕಟ್ಟಿದಂವ ನೀ ಅಂದ್ಳು. ಅಷ್ಟ ನಾ ಕಂಡದ್ದು. ಈ ಹುಡುಗರನ್ನ ಬೈಯಾಕ ನನಗ ಬಾಯಿ ಬರವಲ್ದು."

ಹಿಂದಿನ ಕುರ್ಚಿಯಲ್ಲಿ ಸಂಪಾದಕರು ಬರೆದುಕೊಳ್ಳಲು ಕಾಗದ ಹುಡುಕುತ್ತಿದ್ದರು. ಸಿಗದೆ ಅಂಗೈ ಮೇಲೆ ಬರೆದುಕೊಂಡರು.

ಕರೆಂಟು ಬಂತು. ಕಂಬಳಿ ಮೇಲೆ ಹೋಯಿತು. ಎರಡು ಜಡೆಯಾಕೆ ತನ್ನ ಶಾಲೆಗೆ ಬಂದಳು. ತರಗತಿ ಖಾಲಿ. ಕರವಸ್ತ್ರ ಬಿಚ್ಚಿ, ಯಾರು ಎಲ್ಲಿ ಕೂಡುತ್ತಿದ್ದರೋ ಆ ಬೆಂಚಿನ ಮೇಲೆ ಅವರವರ ಬಿಲ್ಲೆ ಇಟ್ಟಳು. ಆಮೇಲೆ ಮಾಸ್ತರ ನಿಲ್ಲುವ ಜಾಗದಲ್ಲಿ ನಿಂತು ಹಾಜರಿ ಕರೆಯತೊಡಗಿದಳು. ಉತ್ತರ ಇಲ್ಲ. ಸಂಗೀತ ಕೂಡ ಇಲ್ಲ. ಅದೇ ಆ ಸಿನಿಮಾದ ಕಡೆ.

ಹೆಸರುಗಳನ್ನು ನಾನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. "ಕೆಂಜಿ," ಅಂದೆ ಮೈಕಿನಲ್ಲಿ. ಯಾರಿಗೂ ಗುರುತು ಸಿಗಲಿಕ್ಕಿಲ್ಲ ಅಂತ, "ಚಷ್ಮಾದಾಂವ," ಅಂತ ಸೇರಿಸಿದೆ.

ಕತ್ತಲೆಯಲ್ಲಿ ಸಣ್ಣತ್ತೆಯ ದನಿ ಬಂತು, ಹೊಲದ ಆ ಬದುವಿಗೆ ಕೇಳುವಂತೆ:

"ಹಾಜರ್ ರೀ."

ನಾನು ದನಿ ಬಂದ ಕಡೆ ತಿರುಗಿದೆ. ಪರದೆಯ ಮೇಲೆ ಹುಡುಗಿ ಕಾಯುತ್ತಿರಲಿಲ್ಲ, ಕರೆಯುತ್ತಲೇ ಇದ್ದಳು. "ಮಿಡೋರಿ. ಉಬ್ಬುಹಲ್ಲಿನಾಕಿ." ಇನ್ನೊಂದು ಮೂಲೆಯಿಂದ ಇನ್ನೊಬ್ಬರು ಹಾಜರ್ ಅಂದರು. ಮರಾಠಿ ಬಾಯಿ ಒಬ್ಬರು ಹಾಜರ್ ಅಂದರು. ಆ ಒಂದು ಮಾತಿಗೆ ಯಾರೂ ಯಾರಿಗೂ ಅರ್ಥ ಹೇಳಬೇಕಿರಲಿಲ್ಲ. ಕಂಬಳಿ ತಂದಾಕೆ ಕುಂಟುಗಾಲಿನವನಿಗೆ ಹಾಜರ್ ಅಂದಳು. ಒಂದು ಹೆಸರೂ ಖಾಲಿ ಹೋಗಲಿಲ್ಲ. ದೀಪ ಹತ್ತಿದಾಗ ಕಾರ್ಯದರ್ಶಿ ರಿಮೋಟ್ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅವರ ಹೆಂಡತಿ ಹೋಗಿ ಸೆರಗು ಕೊಟ್ಟರು.

ಬರೆಯುವುದು ಈಗ ಕಷ್ಟವಾಗಲಿಲ್ಲ. ನನ್ನ ತೀರ್ಪು ಅಂತ ಏನೂ ಬರೆಯಲಿಲ್ಲ. ಯಾರು ಏನು ಹೇಳಿದರೋ ಅದನ್ನು ಅವರ ಮಾತಿನಲ್ಲೇ, ತೋರಿಸುವುದಿಲ್ಲ ಅಂದವಳದ್ದನ್ನೂ ಸೇರಿಸಿ ಬರೆದೆ. ಮೊದಲ ಸಾಲಿನಲ್ಲೇ, ಈ ಸಿನಿಮಾವನ್ನು ನಾನು ಮೊದಲು ಕಣ್ಣು ಮುಚ್ಚಿಕೊಂಡು ನೋಡಿದ್ದೆ ಅಂತ ಹಾಕಿದೆ. ಜೇಬು ಅಲ್ಲ, ಬಿಲ್ಲೆ ಅಂತ ಹಾಕಿದೆ. ಸಂಪಾದಕರು ಒಂದಕ್ಷರ ಮುಟ್ಟಲಿಲ್ಲ. ಶುಕ್ರವಾರ ಮುಖಪುಟದಲ್ಲಿ ಬಂತು. ನಮ್ಮ ಮನೆಯವರು ಅದನ್ನು ವರ್ಕ್‌ಶಾಪಿಗೆ ಒಯ್ದವರು ಸಂಜೆ ಗ್ರೀಸಿನ ಬೆರಳಚ್ಚುಗಳೊಂದಿಗೆ ವಾಪಸ್ ತಂದರು. ಎಲ್ಲರೂ ಓದಿದರು ಅಂತ ಅದೇ ಹೇಳುತ್ತಿತ್ತು.

ಸೋಮವಾರದ ಸಭೆಯಲ್ಲಿ ಏನಾಯಿತು ಅಂತ ಕಾರ್ಯದರ್ಶಿ ಆಮೇಲೆ ಹೇಳಿದರು. ಅಧ್ಯಕ್ಷರು ನಮ್ಮ ಪತ್ರಿಕೆಯನ್ನು ಮಡಚಿ ಕೈಯಲ್ಲಿ ಹಿಡಿದೇ ಒಳಗೆ ಬಂದಿದ್ದರಂತೆ. ಸಮಿತಿಯಲ್ಲಿ ಸಿನಿಮಾ ಪೂರ್ತಿ ನೋಡಿದವರು ಯಾರು ಅಂತ ಕೇಳಿದರಂತೆ. ಕೈ ಎತ್ತಿದವರು ಯಾರೂ ಇಲ್ಲ, ಅವರೂ ಎತ್ತಲಿಲ್ಲ. ಹಾಗಾದರೆ ನಾವು ಮೊದಲು ನೋಡೋಣ ಅಂದರು. ಎರಡು ಷರತ್ತು: ಇಂಥ ಚಿತ್ರಕ್ಕೆ ಮಕ್ಕಳಿಗೆ ಪ್ರವೇಶವಿಲ್ಲ, ಮುಗಿದ ಮೇಲೆ ಖಾನಾಪುರದಲ್ಲಿ ಮಾಡಿದಂತೆ ಮಾತುಕತೆ ಆಗಬೇಕು. ಕಾಲೇಜಿನ ಸಿಪಾಯಿ ಬೀಗ ತೆಗೆದ. ಕಾರ್ಯದರ್ಶಿ ಅಂದೇ ಸಂಜೆ ರೈಲು ತಪ್ಪಿಸಿಕೊಂಡು ನಮ್ಮ ಮನೆಗೆ ಪೇಢಾ ತಂದರು.

ಮುಂದಿನ ಭಾನುವಾರ ಅದೇ ಸಭಾಗೃಹ. ಕುರ್ಚಿ ಸಾಲದೆ ಮಂದಿ ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಸಮಿತಿಯವರು, ಅವರ ಹಿಂದೆ ನಮ್ಮ ಬಳಗ. ಸಣ್ಣತ್ತೆ ಬೀಡಿಯಿಂದ ಬಂದು ಅಧ್ಯಕ್ಷರ ಹೆಂಡತಿಯ ಬಾಜು ಕುಳಿತು, ಯಾವಾಗ ಕಣ್ಣು ಮುಚ್ಚಬೇಕು ಅಂತ ಮೊದಲೇ ಹೇಳಿಕೊಡುತ್ತಿದ್ದರು. ನಾನು ಮೈಕಿನ ಮುಂದೆ ಕುಳಿತೆ.

ದೀಪ ಆರಿಸುವ ಮುನ್ನ ನಡುವಿನ ಸಾಲಿನಿಂದ ಒಬ್ಬರು ಎದ್ದರು. ನಮ್ಮ ಪತ್ರಿಕೆಗೆ ಸಿನಿಮಾ ಬರೆಯುವವರು, ಆವತ್ತು ನಡುವೆಯೇ ಎದ್ದು ಹೋಗಿದ್ದವರು. ಅವರು ಮಾತಿಗೆ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ.

"ನಾ ಇದನ್ನ ಕಂಡಿಲ್ರಿ," ಅಂದರು. "ಅದಕ್ಕ ಬಂದೇನಿ."

ಹಿರಿಯಕ್ಕ ಹಿಂದಕ್ಕೆ ತಿರುಗಿ ನೋಡಿದರು. ಚೀಲಕ್ಕೆ ಕೈ ಹಾಕಿ, ಸಕ್ಕರೆ-ಕೊಬ್ಬರಿಯ ಡಬ್ಬಿ ತೆಗೆದು, ಸಾಲಿನಿಂದ ಸಾಲಿಗೆ ದಾಟಿಸಿ ಎಲ್ಲರಿಗಿಂತ ಮೊದಲು ಅವರ ಕೈಗೆ ತಲುಪಿಸಿದರು.

"ಕುಂದರ್ರಿ ಹಂಗಾರ," ಅಂದರು ಕಾರ್ಯದರ್ಶಿ. ದೀಪ ಆರಿತು. ನಾನು ಲಿಂಗ ಮುಟ್ಟಿ ನಮಸ್ಕರಿಸಿ, ಕಣ್ಣು ಬಿಟ್ಟುಕೊಂಡು ಓದಲು ಶುರುಮಾಡಿದೆ.